ಮೂರು ಸುತ್ತು, ಮೂವತ್ತು ಹನಿ

1988ರ ಫೆಬ್ರವರಿ 16, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ವಿಶಾಖಪಟ್ಟಣದ ಒಂದು ಆಸ್ಪತ್ರೆಯ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ, ಕಿಟಕಿಯಿಂದ ಮೂರನೆಯ ಮಂಚದ ಪಕ್ಕ ನಿಂತು, ನನ್ನ ಗೆಳತಿ ಡ್ರಿಪ್ಪಿನ ಕ್ಲಾಂಪು ಸಡಿಲಿಸಿ ಹನಿ ಎಣಿಸತೊಡಗಿದಳು. ಎಡಗೈಯಲ್ಲಿ ಗಡಿಯಾರ ಹಿಡಿದಿದ್ದಳು. ಬಲಗೈ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮೇಲೆ ಓಡುತ್ತಿತ್ತು. ಒಂದು ನಿಮಿಷ ಮುಗಿದ ಮೇಲೆ ಕ್ಲಾಂಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಣಿಸಿದಳು. ಆಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದಳು. ಮೂರು ಸುತ್ತು ಸರಿಯಾಗಿ ಬಂತು ಎಂದು ಅದರ ಅರ್ಥ. ನಾನು ಏಪ್ರನ್ ಜೇಬಿನ ಡೈರಿಯಲ್ಲಿ ಬರೆದುಕೊಂಡೆ: ಶುರು 8.10, ಮುಗಿಯಬೇಕಾದ್ದು 12.40.

ಅದು ಅವಳ ಹತ್ತನೆಯ ಬಾಟಲಿ. ನಾವಿಬ್ಬರೂ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದೆವು. ಪ್ರತಿಯೊಬ್ಬರಿಗೂ ಒಂದು ಪ್ರೊಸೀಜರ್ ಪುಸ್ತಕ ಕೊಟ್ಟಿದ್ದರು. ಹತ್ತು ಡ್ರಿಪ್ಪುಗಳ ಲೆಕ್ಕ ತಾವೇ ಹಾಕಿ, ಹನಿ ಇಟ್ಟು, ಕೊನೆಯವರೆಗೆ ನೋಡಿಕೊಂಡು, ಒಂದೊಂದಕ್ಕೂ ವಾರ್ಡ್ ಸಿಸ್ಟರಿನ ಸಹಿ ಪಡೆಯಬೇಕು. ಪುಸ್ತಕ ಫೆಬ್ರವರಿ 20, ಶನಿವಾರದೊಳಗೆ ಸ್ಕೂಲ್ ಆಫೀಸಿಗೆ ಹೋಗಬೇಕು. ಒಂಬತ್ತು ಸಹಿ ಇದ್ದವರ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ನನ್ನ ಹತ್ತು ಸಹಿ ಫೆಬ್ರವರಿ 11ಕ್ಕೇ ಆಗಿದ್ದವು. ಅವಳದು ಒಂಬತ್ತಕ್ಕೆ ನಿಂತಿತ್ತು. ಅದಲ್ಲದೆ ಜನವರಿ 12ಕ್ಕೆ ಒಮ್ಮೆ, 27ಕ್ಕೆ ಒಮ್ಮೆ ಅವಳು ಇಟ್ಟ ಹನಿ ತಪ್ಪಿತ್ತು. ಮೂರನೆಯ ಸಲ ತಪ್ಪಿದರೆ ಸಹಿ ಇಲ್ಲ, ಷರಾದ ಕಾಲಮ್ಮಿನಲ್ಲಿ ಕಾರಣವನ್ನೂ ಬರೆಯುತ್ತೇನೆ ಎಂದು ಸಿಸ್ಟರ್ ಎಲ್ಲರ ಮುಂದೆ ಹೇಳಿದ್ದರು.

ಆರು ತಿಂಗಳು ಬೇರೆಯವರಿಗೆ ಆರೇ ತಿಂಗಳು. ಅವಳಿಗೆ ಹಾಗಲ್ಲ. ಅವಳ ಮನೆ ವಿಜಯವಾಡದ ಹತ್ತಿರದ ಕೊಂಡಪಲ್ಲಿ. ಅಪ್ಪ ಮರದ ಬೊಂಬೆ ಕಡೆಯುವವರು, ಅಮ್ಮ ಬಣ್ಣ ಹಚ್ಚುವವರು. ಮಗಳನ್ನು ಹಾಸ್ಟೆಲಿಗೆ ಕಳಿಸಲು ಅಪ್ಪನನ್ನು ಒಪ್ಪಿಸಿದ್ದು ಅಮ್ಮ. ಅಪ್ಪ ಒಪ್ಪಿದ್ದು ಕೋರ್ಸಿನಷ್ಟೇ, ಎಣಿಸಿ ಮೂರು ವರ್ಷಕ್ಕೆ. ಒಂದು ದಿನ ಹೆಚ್ಚಾದರೂ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡಬೇಕು ಎಂದಿದ್ದರು. ಅವರು ತಮಾಷೆಗೆ ಹೇಳಿದ್ದಾರೆ ಎಂದು ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ.

ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಪುಸ್ತಕದಲ್ಲಿ ಬಾಟಲಿ ಎಂದರೆ ಐನೂರು ಮಿಲಿಲೀಟರು, ನಮ್ಮ ವಾರ್ಡಿಗೆ ಬರುತ್ತಿದ್ದ ಗಾಜಿನ ಬಾಟಲಿ ಐನೂರ ನಲವತ್ತು. ಡಾಕ್ಟರು ನಾಲ್ಕೂವರೆ ಗಂಟೆಯಲ್ಲಿ ಹೋಗಲಿ ಎಂದರೆ ಗಂಟೆಗೆ ನೂರ ಇಪ್ಪತ್ತು. ನಮ್ಮ ಡ್ರಿಪ್ ಸೆಟ್ಟಿನ ಕೊಳವೆಯಲ್ಲಿ ಹದಿನೈದು ಹನಿಗೆ ಒಂದು ಮಿಲಿಲೀಟರು. ಹಾಗಾಗಿ ಗಂಟೆಯ ಮಿಲಿಲೀಟರನ್ನು ನಾಲ್ಕರಿಂದ ಭಾಗಿಸಿದರೆ ನಿಮಿಷದ ಹನಿ ಸಿಗುತ್ತದೆ. ಮೂವತ್ತು. ನಾನು ಕಾಗದ ಹುಡುಕುವುದರೊಳಗೆ ಅವಳು ಉತ್ತರ ಹೇಳಿರುತ್ತಿದ್ದಳು. ಅವಳು ಸೋಲುತ್ತಿದ್ದದ್ದು ಎಣಿಸುವಾಗ. ಕಣ್ಣು ಒಮ್ಮೆ ಹನಿಯ ಮೇಲೆ, ಒಮ್ಮೆ ಸೆಕೆಂಡಿನ ಮುಳ್ಳಿನ ಮೇಲೆ ಇರಬೇಕು. ಇಪ್ಪತ್ತನೆಯ ಹನಿ ಬೀಳುವಾಗ ಮುಳ್ಳು ನಲವತ್ತನ್ನು ಮುಟ್ಟಿದರೆ, ಮುಂದಿನ ಹನಿ ಬಾಯಲ್ಲಿ ನಲವತ್ತೊಂದಾಗಿಬಿಡುತ್ತಿತ್ತು. ಮತ್ತೆ ಮೊದಲಿನಿಂದ.

ನನಗೂ ಮೊದಲ ವರ್ಷ ಅದೇ ಗೋಳು. ಜೊತೆಗೆ ನಾನು ತುಟಿ ಅಲ್ಲಾಡಿಸಿ ಎಣಿಸುತ್ತಿದ್ದೆ. ಒಂದು ದಿನ ಹೆಂಗಸರ ವಾರ್ಡಿನಲ್ಲಿ ನಾನು ಹೀಗೆ ಪಿಸುಗುಡುತ್ತ ನಿಂತಿದ್ದನ್ನು ಕಂಡು ರೋಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದರು. ಮಗಳ ಕೊನೆಗಾಲಕ್ಕೆ ನಾನು ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡಿದ್ದರು. ಮಗಳಿಗೆ ಇದ್ದದ್ದು ಬರೀ ವಾಂತಿ ಭೇದಿ. ಅವರನ್ನು ಸಮಾಧಾನ ಮಾಡಲು ಸಿಸ್ಟರಿಗೆ ಕಾಲು ಗಂಟೆ ಹಿಡಿಯಿತು, ನನ್ನನ್ನು ಬೈಯಲು ಅರ್ಧ ಗಂಟೆ. ಅಂದಿನಿಂದ ನಾನು ತುಟಿ ಮುಚ್ಚಿ ಬೆರಳಿನಲ್ಲಿ ಎಣಿಸತೊಡಗಿದೆ.

ಬೆರಳಿನ ಎಣಿಕೆ ನನ್ನ ಅಪ್ಪನಿಂದ ಬಂದದ್ದು. ಅಪ್ಪ ಹಾವೇರಿ ಕಡೆಯವರು, ಬ್ಯಾಂಕಿನಲ್ಲಿ ಗುಮಾಸ್ತರು. ವರ್ಗವಾಗಿ ವಿಜಯವಾಡಕ್ಕೆ ಬಂದಾಗ ನನಗೆ ಏಳು ವರ್ಷ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಆಫೀಸಿಗೆ ಹೋಗುವ ಮುಂಚೆ ನೂರೆಂಟು ಸಲ ಶಿವನಾಮ ಜಪಿಸುತ್ತಿದ್ದರು. ಹೆಬ್ಬೆರಳು ಉಂಗುರದ ಬೆರಳಿನ ನಡುಗೆಣ್ಣಿನಿಂದ ಹೊರಟು, ಕೆಳಗಿಳಿದು, ಕಿರುಬೆರಳು ಹತ್ತಿ, ಮೂರೂ ತುದಿಗಳನ್ನು ದಾಟಿ, ತೋರುಬೆರಳಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಒಂದು ಸುತ್ತಿಗೆ ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣುಗಳನ್ನು ಹೆಬ್ಬೆರಳು ಮುಟ್ಟುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಅವನ್ನೂ ಮುಟ್ಟಿ ಬೈಸಿಕೊಂಡಿದ್ದೇನೆ. "ಅದು ಮೇರುವವ್ವಾ. ಮೇರು ದಾಟಿದ್ರ ಎಣಿಸಿದ್ದು ಎಣಿಕಿಗೆ ಬರಂಗಿಲ್ಲ," ಎಂದಿದ್ದರು. ಆಮೇಲೆ ನನ್ನ ಹೆಬ್ಬೆರಳು ಆ ಎರಡು ಗೆಣ್ಣುಗಳನ್ನು ಬಿಟ್ಟೇ ಹೋಗುವುದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಬಿಡುತ್ತಿದ್ದೇನೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಫೆಬ್ರವರಿ 15ರ ಸಂಜೆ, ಹಾಸ್ಟೆಲಿನ ತಾರಸಿಯಲ್ಲಿ ಒಗೆದ ಬಟ್ಟೆ ತೆಗೆಯುತ್ತ, ಗೆಳತಿಗೆ ಇದನ್ನು ಹೇಳಿಕೊಟ್ಟೆ. ನಾವು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಲೆಯಲ್ಲಿ ಯಾವ ಸಂಖ್ಯೆಯನ್ನೂ ಇಟ್ಟುಕೊಳ್ಳಬೇಡ, ಸಂಖ್ಯೆಯೇ ನಿನ್ನ ಶತ್ರು, ಒಂದು ಹನಿಗೆ ಒಂದು ಗೆಣ್ಣು, ಮೂರು ಸುತ್ತು ಬರುವ ಹೊತ್ತಿಗೆ ಮುಳ್ಳು ಒಂದು ಸುತ್ತು ಬಂದಿರಬೇಕು, ಅಷ್ಟೇ ಎಂದೆ. ಕೈಯಲ್ಲಿ ತೋರಿಸಲು ಹೋದರೆ ಅವಳು ನೋಡಲೂ ಇಲ್ಲ.

"ಇದನ್ನು ನನಗೆ ಕಲಿಸ್ತೀಯೇನೇ, ಪಂತುಲಮ್ಮಾ? ಹಾಲು ಕುಡಿಯೋ ವಯಸ್ಸಿನಿಂದ ನಾನು ಹೀಗೇ ಎಣಿಸ್ತಿರೋದು," ಎಂದಳು.

ಪಂತುಲಮ್ಮ ಎಂದರೆ ಆ ಕಡೆ ಮೇಷ್ಟ್ರಮ್ಮ. ನಾನು ಏನನ್ನಾದರೂ ಎರಡನೆಯ ಸಲ ಹೇಳಿದರೆ ಅವಳು ನನ್ನನ್ನು ಹಾಗೇ ಕರೆಯುತ್ತಿದ್ದಳು. ಅವಳ ಬೆರಳು ಸರಸರ ಓಡಿದ್ದನ್ನು ನೋಡಿ ನನಗೆ ಖುಷಿಯಾಯಿತು. ಡೈರಿಯಲ್ಲಿ ಬರೆದೆ: ಐದು ನಿಮಿಷದಲ್ಲಿ ಕಲಿತಳು.

ಮರುದಿನ ಡಾಕ್ಟರುಗಳ ರೌಂಡ್ಸ್ ಮುಗಿದದ್ದು ಹತ್ತಕ್ಕೆ. ಹತ್ತೂ ಹತ್ತಕ್ಕೆ ಸಿಸ್ಟರ್ ಮೂರನೆಯ ಮಂಚದ ಹತ್ತಿರ ಬಂದರು. ಕೇರಳದವರು, ಐವತ್ತರ ಹತ್ತಿರದ ವಯಸ್ಸು, ಮಾತಾಡುವ ತೆಲುಗಿನಲ್ಲಿ ಪ್ರತಿ ಪದವನ್ನೂ ಸ್ವಲ್ಪ ಎಳೆಯುತ್ತಿದ್ದರು. ಬಾಟಲಿಯ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆಗೊಂದು ಗೆರೆ ಎಳೆದಿಡುವುದು ನಮ್ಮ ವಾರ್ಡಿನ ಪದ್ಧತಿ. ಎರಡು ಗಂಟೆಯಲ್ಲಿ ನೀರು ಎರಡನೆಯ ಗೆರೆಗೆ ಬರಬೇಕಿತ್ತು. ಅದು ಗೆರೆಯನ್ನು ದಾಟಿ ಸುಮಾರು ಐವತ್ತು ಮಿಲಿಲೀಟರು ಕೆಳಗಿತ್ತು. ರೌಂಡ್ಸಿನ ಗಡಿಬಿಡಿಯಲ್ಲಿ ಗೆಳತಿಯೂ ಅದನ್ನು ಕಂಡಿದ್ದಳು. ಎಣಿಕೆ ಸರಿಯಿದೆ ಎಂಬ ಧೈರ್ಯದಲ್ಲಿ, ಪಟ್ಟಿಯನ್ನೇ ಓರೆಯಾಗಿ ಅಂಟಿಸಿದ್ದೇನೆ ಎಂದುಕೊಂಡಿದ್ದಳು. ಸಿಸ್ಟರ್ ಎದೆಗೆ ಸಿಕ್ಕಿಸಿದ್ದ ಗಡಿಯಾರ ತಿರುಗಿಸಿ ಒಂದು ನಿಮಿಷ ಎಣಿಸಿದರು. ನಾನು ಏಳನೆಯ ಮಂಚದಲ್ಲಿ ಡ್ರೆಸ್ಸಿಂಗ್ ಬಿಚ್ಚುತ್ತಿದ್ದೆ.

"ಎಷ್ಟು ಇಟ್ಟಿದ್ದೆ?"

"ಮೂವತ್ತು, ಸಿಸ್ಟರ್. ಎರಡು ಸಲ ಎಣಿಸಿದೆ."

"ಹಾಗಾದರೆ ನಿನ್ನ ಮನೆಯ ಮೂವತ್ತು ಬೇರೆ ಇರಬೇಕು. ನನ್ನ ವಾರ್ಡಿನಲ್ಲಿ ಇದಕ್ಕೆ ಮೂವತ್ತಾರು ಅಂತಾರೆ."

ತಾವೇ ಕ್ಲಾಂಪು ತಿರುಗಿಸಿ ಹನಿಯನ್ನು ಇಳಿಸಿದರು. ಹೊಟ್ಟೆಯ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದ ಆ ರೋಗಿಗೆ ಏನೂ ಆಗಲಿಲ್ಲ, ಅವರು ನಿದ್ದೆಯಿಂದ ಏಳಲೂ ಇಲ್ಲ. ಆದರೆ ಇದೇ ಬಾಟಲಿ ಹೃದಯ ಕೆಟ್ಟವರ ಕೈಯಲ್ಲಿ ಇದ್ದಿದ್ದರೆ ಎಂದು ಸಿಸ್ಟರ್ ಕೇಳಿದರು. ಗೆಳತಿಯ ಪ್ರೊಸೀಜರ್ ಪುಸ್ತಕವನ್ನು ತೆಗೆದುಕೊಂಡು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟರು. ನಾಳೆ ಬರೆದು ಕೊಡುತ್ತೇನೆ ಎಂದರು. ಏನು ಬರೆಯುತ್ತಾರೆ ಎಂದು ಕೇಳುವ ಅಗತ್ಯ ಇರಲಿಲ್ಲ.

ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದದ್ದು ಎರಡೂವರೆಗೆ. ಅವಳು ಊಟಕ್ಕೆ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಲ್ಲಿದ್ದ ನಲ್ಲಿಯ ವಾಷರು ಹೋಗಿ ಹನಿ ಹನಿ ಬೀಳುತ್ತಿತ್ತು. ಅಪ್ಪನಿಗೆ ಕಾಗದ ಹೇಗೆ ಬರೆಯಲಿ ಎಂದು ಒಮ್ಮೆ ಕೇಳಿದಳು. ಮತ್ತೆ, ನಾನು ಸರಿಯಾಗೇ ಎಣಿಸಿದೆ ಕಣೇ ಎಂದು ಮೂರು ಸಲ ಹೇಳಿದಳು. ನನಗೆ ಅವಳ ಮೇಲೆ ನಂಬಿಕೆ ಇತ್ತು, ಸಿಸ್ಟರಿನ ಗಡಿಯಾರದ ಮೇಲೂ ಇತ್ತು. ಎರಡೂ ನಿಜವಾಗಿರಬೇಕಾದರೆ ತಪ್ಪು ಇನ್ನೆಲ್ಲೋ ಇರಬೇಕು. ಈ ನಲ್ಲಿಯನ್ನೇ ಎಣಿಸು, ನಾನು ಗಡಿಯಾರ ಹಿಡಿಯುತ್ತೇನೆ ಎಂದೆ. ಈ ಸಲ ನಾನು ನಲ್ಲಿಯನ್ನು ನೋಡಲಿಲ್ಲ, ಅವಳ ಕೈಯನ್ನು ನೋಡಿದೆ.

ಅವಳ ಹೆಬ್ಬೆರಳು ಕಿರುಬೆರಳಿನ ಬುಡದಿಂದ ಶುರುವಾಯಿತು. ಮೂರು. ಉಂಗುರದ ಬೆರಳು, ಮೂರು. ನಡುಬೆರಳು, ಮೂರು.

"ನಡುವಿನ ಎರಡನ್ನು ಯಾಕೆ ಮುಟ್ಟಿದೆ?" ಎಂದೆ.

"ಯಾಕೆ, ಅವು ನನ್ನ ಬೆರಳಲ್ಲವಾ?"

ಅವರ ಮನೆಯಲ್ಲಿ ಬೊಂಬೆಗಳನ್ನು ಡಜನ್ ಲೆಕ್ಕದಲ್ಲಿ ಕಟ್ಟುತ್ತಾರೆ. ವಿಜಯವಾಡದ ಒನ್ ಟೌನಿನ ಸಗಟು ಅಂಗಡಿಗಳಿಗೆ ಹೋಗುವ ಬುಟ್ಟಿಗೆ ಹುಲ್ಲು ಹಾಸಿ, ಒಂದೊಂದು ಬೊಂಬೆ ಇಡುವಾಗಲೂ ಒಂದೊಂದು ಗೆಣ್ಣು ಮುಟ್ಟುವುದು. ನಾಲ್ಕು ಬೆರಳು, ಬೆರಳಿಗೆ ಮೂರು, ಕೈ ತುಂಬಿದರೆ ಒಂದು ಡಜನ್. ಐದು ವರ್ಷದವಳಿದ್ದಾಗಿನಿಂದ ಅವಳು ಮಾಡಿದ ಕೆಲಸ ಅದು. ಅವಳ ಸುತ್ತಿಗೆ ಹನ್ನೆರಡು, ನನ್ನ ಸುತ್ತಿಗೆ ಹತ್ತು. ಮೂರು ಹನ್ನೆರಡಲ ಮೂವತ್ತಾರು. ಸಂಖ್ಯೆಯನ್ನೇ ತಲೆಗೆ ತಂದುಕೊಳ್ಳಬೇಡ ಎಂದು ನಾನೇ ಹೇಳಿದ್ದರಿಂದ, ಎರಡು ನಿಮಿಷದಲ್ಲಿ ಎಂಥ ಲೆಕ್ಕವನ್ನಾದರೂ ಬಿಡಿಸುವ ಹುಡುಗಿ ಇಷ್ಟು ಸಣ್ಣ ಗುಣಾಕಾರವನ್ನು ಮಾಡದೆ ಬಿಟ್ಟಿದ್ದಳು.

ಅವಳಿಗೂ ಅದು ಹೊಳೆದು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದು ಕಾದೆ. "ನೀನು ಮೂರು ಅಂದೆ, ನಾನು ಮೂರು ಎಣಿಸಿದೆ. ನಿನ್ನ ಮಾತನ್ನು ಇನ್ನೊಂದು ಸಲ ಲೆಕ್ಕ ಹಾಕಿ ನೋಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸಿಸ್ಟರಿಗೆ ಹೇಳೋಣ ಎಂದೆ. ಬೇಡ ಎಂದಳು. ನಿನ್ನ ಪುಸ್ತಕದ ಹತ್ತು ಸಹಿಯೂ ಬೆರಳಿನ ಎಣಿಕೆಯವು, ಅವರು ಅದನ್ನೂ ಕಸಿದುಕೊಂಡರೆ ಇಬ್ಬರೂ ಯಾಕೆ ಮುಳುಗಬೇಕು, ಮುಳುಗುವುದಾದರೆ ನಾನೊಬ್ಬಳೇ ಸಾಕು ಎಂದು ಜಗಳ ಮಾಡಿದಳು. ನನಗೂ ಹೆದರಿಕೆ ಇರಲಿಲ್ಲ ಎಂದೇನಲ್ಲ. ಆ ಸಂಜೆ ಡೈರಿಯಲ್ಲಿ ನನ್ನ ಹತ್ತು ಬಾಟಲಿಗಳ ಶುರು ಮತ್ತು ಕೊನೆಯ ಹೊತ್ತುಗಳನ್ನು ತೆಗೆದು ನೋಡಿದೆ. ಎಲ್ಲವೂ ಹತ್ತು ನಿಮಿಷದ ಒಳಗೆ ಸರಿಯಿದ್ದವು. ಆ ಹಾಳೆಗೆ ಗುರುತು ಇಟ್ಟು ಮಲಗಿದೆ.

ಫೆಬ್ರವರಿ 17, ಬುಧವಾರ, ಬೆಳಿಗ್ಗೆ ಏಳೂ ಮೂವತ್ತೈದು. ಡ್ಯೂಟಿ ರೂಮಿನಲ್ಲಿ ಸಿಸ್ಟರ್ ಒಬ್ಬರೇ ಕಾಫಿ ಕುಡಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅಪ್ಪನ ಜಪ, ಅವಳ ಮನೆಯ ಬೊಂಬೆ, ನಾನು ಕಲಿಸಿದ್ದು, ಕಲಿಸುವಾಗ ಅವಳ ಹೆಬ್ಬೆರಳು ಯಾವ ಗೆಣ್ಣು ಮುಟ್ಟುತ್ತದೆ ಎಂದು ನೋಡದೆ ಬಿಟ್ಟದ್ದು. ಗೆಳತಿ ನನ್ನ ಹಿಂದೆ ನಿಂತು ನನ್ನ ಏಪ್ರನ್ನಿನ ಗಂಟು ಎಳೆಯುತ್ತಿದ್ದಳು, ಸಾಕು ನಿಲ್ಲಿಸು ಎಂಬಂತೆ. ಸಿಸ್ಟರ್ ಎದ್ದು, ವಾರ್ಡಿನಲ್ಲಿ ಆಗಲೇ ಓಡುತ್ತಿದ್ದ ಒಂದು ಡ್ರಿಪ್ಪಿನ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿದರು. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಣಿಸಿ, ಒಬ್ಬರ ಕೈ ಒಬ್ಬರು ನೋಡಬಾರದು ಎಂದರು. ಗಡಿಯಾರ ಅವರ ಕೈಯಲ್ಲಿತ್ತು. ನಿಮಿಷ ಮುಗಿದ ಮೇಲೆ ನನ್ನನ್ನು ಕೇಳಿದರು. ಮೂರು ಸುತ್ತು ಎಂದೆ. ಅವಳನ್ನು ಕೇಳಿದರು. ಎರಡೂವರೆ ಎಂದಳು.

ಸಿಸ್ಟರ್ ಕೇಸ್ ಶೀಟ್ ತೆಗೆದು ನಮಗೆ ತೋರಿಸಿದರು. ಮೂವತ್ತು ಹನಿ ಎಂದು ಬರೆದಿತ್ತು.

ಡ್ಯೂಟಿ ರೂಮಿಗೆ ವಾಪಸು ಬಂದು, ಬಾಗಿಲು ಮುಂದೆ ಮಾಡಿ, ಜೇಬಿನಿಂದ ತಮ್ಮ ಜಪಸರ ತೆಗೆದು ಮೇಜಿನ ಮೇಲೆ ಇಟ್ಟರು. ಶಿಲುಬೆಯ ಬೆಳ್ಳಿ ಸವೆದು ಹೋಗಿತ್ತು.

"ಇದರಲ್ಲಿ ಹತ್ತು ಮಣಿ ಆದ ಮೇಲೆ ಒಂದು ಒಂಟಿ ಮಣಿ ಬರ್ತದೆ. ಟ್ರೈನಿಂಗಿನಲ್ಲಿ ನಾನು ಜೇಬಿನೊಳಗೆ ಕೈ ಇಟ್ಟು ಇದರಲ್ಲೇ ಎಣಿಸ್ತಿದ್ದೆ. ಒಂಟಿ ಮಣಿಯನ್ನೂ ಸೇರಿಸಿ."

ಎಷ್ಟು ದಿನ ಎಂದು ಗೆಳತಿ ಕೇಳಿದಳು. ಅವಳಿಗಲ್ಲದೆ ಇನ್ನಾರಿಗೂ ಆ ಧೈರ್ಯ ಇರಲಿಲ್ಲ.

"ಒಂದು ವಾರ," ಎಂದು ಸಿಸ್ಟರ್ ಜಪಸರವನ್ನು ಮತ್ತೆ ಜೇಬಿಗೆ ಹಾಕಿದರು.

ನಂತರ ನನ್ನ ಪುಸ್ತಕವನ್ನು ತರಿಸಿ, ಫೆಬ್ರವರಿ 11ರ ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು. ಕಲಿಸುವವಳು ಕಲಿಯುವವಳ ಕೈ ನೋಡಬೇಕಿತ್ತು, ನೋಡಲಿಲ್ಲ, ಅದಕ್ಕೆ ಇದು ಎಂದರು. ಗೆಳತಿಯ ಪುಸ್ತಕದಲ್ಲಿ ಷರಾ ಬರೆಯಲಿಲ್ಲ. ನಾಳೆ ಇಬ್ಬರಿಗೂ ಒಂದೊಂದು ಬಾಟಲಿ, ಬೆರಳು ಬೇಡ, ಮಣಿ ಬೇಡ, ಬಾಯಲ್ಲಿ ಎಣಿಸಿ, ನನಗೆ ಕೇಳಿಸಬೇಕು ಎಂದರು. ಹತ್ತನೆಯ ಸಹಿ ಸಿಗುವುದೂ ಬಿಡುವುದೂ ಅದರ ಮೇಲೆ.

18ರ ಗುರುವಾರ ನಮ್ಮಿಬ್ಬರ ಬಾಟಲಿಯೂ ಎಂಟೂ ಐದಕ್ಕೆ ಶುರುವಾಯಿತು. ಅವಳು ಗಡಿಯಾರವನ್ನು ಹನಿ ಬೀಳುವ ಕೊಳವೆಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಅತ್ತಿತ್ತ ಓಡಬೇಕಾಗದ ಹಾಗೆ ಮಾಡಿಕೊಂಡಳು. ತೆಲುಗಿನಲ್ಲಿ ಒಂದರಿಂದ ಮೂವತ್ತರವರೆಗೆ ಶಾಲೆಯ ಮಕ್ಕಳು ಮಗ್ಗಿ ಹೇಳುವ ಹಾಗೆ ಎಣಿಸಿದಳು. ಪಕ್ಕದ ಮಂಚದವರು ಎರಡನೆಯ ಸಲಕ್ಕೆ ಅವಳ ಜೊತೆಗೇ ಎಣಿಸಲು ಶುರುಮಾಡಿದರು. ಹಾಗೆ ಗಂಟೆಗೊಮ್ಮೆ. ಪ್ರತಿ ಗಂಟೆಗೂ ಸಿಸ್ಟರ್ ಬಂದು ಪಟ್ಟಿಯ ಗೆರೆ ನೋಡಿ ಹೋದರು. ಅವಳ ಬಾಟಲಿ ಮುಗಿಯಬೇಕಾದದ್ದು ಹನ್ನೆರಡೂ ಮೂವತ್ತೈದಕ್ಕೆ, ಮುಗಿದದ್ದು ಹನ್ನೆರಡೂ ಮೂವತ್ತೇಳಕ್ಕೆ. ನನ್ನದು ಹನ್ನೆರಡೂ ನಲವತ್ತೆರಡರವರೆಗೆ ಎಳೆಯಿತು. "ಪಂತುಲಮ್ಮನ ಹನಿಗೆ ಇವತ್ತು ಜ್ವರ," ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಳು.

ಸಿಸ್ಟರ್ ಎರಡೂ ಪುಸ್ತಕಕ್ಕೆ ಸಹಿ ಹಾಕಿದರು. ಅವಳ ಷರಾದ ಕಾಲಮ್ಮಿನಲ್ಲಿ, ಎಣಿಕೆ ಸರಿ ಇದೆ, ಎಂದು ಬರೆದರು. ನನ್ನದರಲ್ಲಿ ಏನೂ ಬರೆಯಲಿಲ್ಲ. ಪುಸ್ತಕಗಳು ಹತ್ತೊಂಬತ್ತಕ್ಕೇ ಆಫೀಸಿಗೆ ಹೋದವು. ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು, ಅವಳಿಗೆ ನನಗಿಂತ ಹನ್ನೊಂದು ಅಂಕ ಹೆಚ್ಚು. ಅವಳ ಅಪ್ಪ ಎಣಿಸಿಟ್ಟಿದ್ದ ಮೂರು ವರ್ಷದಲ್ಲಿ ಒಂದು ದಿನವೂ ಹೆಚ್ಚಾಗಲಿಲ್ಲ.

ಆ ಬೇಸಿಗೆ ರಜೆಗೆ ಇಬ್ಬರೂ ಒಂದೇ ರೈಲಿನಲ್ಲಿ ವಿಜಯವಾಡಕ್ಕೆ ಬಂದೆವು. ಕೊಂಡಪಲ್ಲಿಗೆ ಹೋಗುವ ಮುಂಚೆ ಅವಳು ನಮ್ಮ ಮನೆಯಲ್ಲಿ ಊಟ ಮಾಡಿದಳು. ಅವ್ವ ಬಡಿಸಿದ ಜೋಳದ ರೊಟ್ಟಿಯನ್ನು ಇದು ಒಣಗಿದೆಯೋ ಹೀಗೇ ಇರಬೇಕೋ ಎಂದು ನನ್ನ ಕಿವಿಯಲ್ಲಿ ಕೇಳಿ, ಆಮೇಲೆ ಮೂರು ತಿಂದಳು. ಕೈ ತೊಳೆದು ಬಂದವಳೇ ಅಪ್ಪನನ್ನು ನೇರವಾಗಿ ಕೇಳಿದಳು, ಆ ಎರಡು ಗೆಣ್ಣು ಏನು ತಪ್ಪು ಮಾಡಿವೆ ಎಂದು. ಅಪ್ಪ ತಮ್ಮ ಬ್ಯಾಂಕಿನ ತೆಲುಗಿನಲ್ಲಿ ಮೇರು ಪರ್ವತದ ವಿಷಯ ಹೇಳಿದರು. ದೇವರ ಲೆಕ್ಕದಲ್ಲಿ ಅದನ್ನು ದಾಟಬಾರದು ಎಂದರು.

"ನಮ್ಮ ಮನೆಯಲ್ಲಿ ಆ ಎರಡನ್ನು ಬಿಟ್ಟರೆ ಒನ್ ಟೌನಿನ ಸೇಠು ಬುಟ್ಟಿಯನ್ನೇ ವಾಪಸು ಕಳಿಸ್ತಾರೆ, ಅಂಕಲ್," ಎಂದಳು.

ಅಪ್ಪ ಬಹಳ ಹೊತ್ತು ನಕ್ಕರು. ಅವಳು ಹೋದ ಮೇಲೆ ನನ್ನನ್ನು ಕರೆದು, "ಭಾಳ ಶ್ಯಾಣ್ಯಾ ಹುಡುಗಿ. ಆಕಿ ಕೈಯಾಗ ನನ್ನ ಜಪಾ ಜಲ್ದಿ ಮುಗೀತಿತ್ತು ನೋಡು," ಎಂದರು.

ಈಗ 1993. ಅವಳು ವಿಶಾಖಪಟ್ಟಣದಲ್ಲೇ ಮಕ್ಕಳ ವಾರ್ಡಿನಲ್ಲಿದ್ದಾಳೆ. ಅಲ್ಲಿನ ಸಣ್ಣ ಹನಿಯ ಸೆಟ್ಟಿನಲ್ಲಿ ಅರವತ್ತು ಹನಿಗೆ ಒಂದು ಮಿಲಿಲೀಟರು. ನಿಮಿಷಕ್ಕೆ ಅರವತ್ತು ಇಡಬೇಕಾದಾಗ ನನ್ನ ಹತ್ತರ ಲೆಕ್ಕಕ್ಕೆ ಆರು ಸುತ್ತು ಬೇಕು, ತನ್ನ ಡಜನ್ ಲೆಕ್ಕದಲ್ಲಿ ಐದೇ ಸುತ್ತಿಗೆ ಮುಗಿಯುತ್ತದೆ ಎಂದು ಕಾಗದ ಬರೆಯುತ್ತಾಳೆ. ಎಣಿಸಿದ ಮೇಲೆ ಬಾಯಲ್ಲೂ ಒಮ್ಮೆ ಎಣಿಸುತ್ತೇನೆ ಎಂದು ಕೆಳಗೆ ಸೇರಿಸುತ್ತಾಳೆ.

ನಾನು ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೊದಲ ವರ್ಷದ ವಿದ್ಯಾರ್ಥಿನಿಯರು ವಾರ್ಡಿಗೆ ಬಂದಾಗ ಸೂತ್ರ ಹೇಳುವುದಕ್ಕಿಂತ ಮುಂಚೆ, ನಿಮ್ಮ ಮನೆಯಲ್ಲಿ ಬೆರಳಿನ ಮೇಲೆ ಎಣಿಸುವುದು ಹೇಗೆ ತೋರಿಸಿ ಎನ್ನುತ್ತೇನೆ. ಮಾತಾಡದೆ ಕೈಯನ್ನೇ ನೋಡುತ್ತೇನೆ. ಕಳೆದ ಎರಡು ವರ್ಷದಲ್ಲಿ ಮೂವತ್ತೆಂಟು ಹುಡುಗಿಯರನ್ನು ಕೇಳಿ ಬರೆದಿಟ್ಟಿದ್ದೇನೆ. ಹನ್ನೆರಡು ಎಣಿಸಿದವರು ಹತ್ತೊಂಬತ್ತು ಮಂದಿ. ಹತ್ತು ಎಣಿಸಿದವರು ಏಳು. ಬೆರಳು ಮಡಚಿ ಐದೇ ಎಣಿಸಿದವರು ಆರು. ಮೂರು ಗೆಣ್ಣಿನ ಜೊತೆ ಬೆರಳ ತುದಿಯನ್ನೂ ಸೇರಿಸಿಕೊಂಡು ಹದಿನಾರು ಎಣಿಸಿದವರು ಐದು.

ಉಳಿದವಳು ಒಬ್ಬಳು. ಒಂದೇ ಕೈಯಲ್ಲಿ, ಎಲ್ಲೂ ತಡವರಿಸದೆ, ಹದಿನಾಲ್ಕು ಎಣಿಸಿದಳು. ಹೆಬ್ಬೆರಳಿನ ಎರಡು ಗೆಣ್ಣು ಸೇರಿಸಿದರೆ ಹದಿನಾಲ್ಕಾಗುತ್ತದೆ ಎಂದು ನನಗೆ ಆಮೇಲೆ ಹೊಳೆಯಿತು. ಆದರೆ ಆ ಎರಡನ್ನು ಯಾವ ಬೆರಳಿನಿಂದ ಮುಟ್ಟಿದಳು, ಮೊದಲಿಗೋ ಕೊನೆಗೋ, ನಾನು ಗಮನಿಸಲಿಲ್ಲ. ಅಂದು ಆಕ್ಸಿಡೆಂಟ್ ಕೇಸೊಂದು ಬಂದು ಮಾತು ಅರ್ಧಕ್ಕೆ ನಿಂತಿತು, ಮರುವಾರ ಅವಳ ಬ್ಯಾಚು ಬೇರೆ ವಾರ್ಡಿಗೆ ಹೋಯಿತು. ಅವಳು ಹನಿ ಇಟ್ಟ ಬಾಟಲಿಗಳನ್ನು ಈಗ ಯಾರು ನೋಡುತ್ತಿದ್ದಾರೋ ಎಂದು ನನಗೆ ಸಮಾಧಾನವಿಲ್ಲ. ಕೈಯಲ್ಲಿ ಹದಿನಾಲ್ಕು ಎಣಿಸುವ ಊರು, ಮನೆ ಅಥವಾ ಕಸುಬು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಯಾವ ಗೆಣ್ಣಿನಿಂದ ಶುರು, ಯಾವುದಕ್ಕೆ ಕೊನೆ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ಸಂಪಾದಕರಿಗೆ ಕಳಿಸಿ. ಕೈಯ ಚಿತ್ರ ಬಿಡಿಸಿ ಅಂಕೆ ಹಾಕಿದರೆ ಇನ್ನೂ ಒಳ್ಳೆಯದು.